ರಾಮತೀರ್ಥ ನಗರದ ಮೆಣಸು

ಅಡವಿಯಂಚಿನ ಕಣಕುಂಬಿಯಲ್ಲಿ ಬಸ್ಸು ನಿಲ್ಲುವ ಕಡೆ ಚಾಂದಬೀ ಅವರ ಚಹಾದಂಗಡಿಯಿದೆ. "ಊರಾಗ ಮೆಣಸಿನ ಬಳ್ಳಿ ಹತ್ತಂಗಿಲ್ರಿ ಅಕ್ಕಾರ, ಅದಕ್ಕ ಅಡವಿ ಗಾಳೀನ ಬೇಕು" ಎಂದು ನಗುತ್ತಲೇ ಅವರು ನನಗೊಂದು ಬಳ್ಳಿಯ ತುಂಡು ಕೊಟ್ಟು ಕೆಲವು ವರ್ಷಗಳಾದವು. ಇವತ್ತು ಬೆಳಗಾವಿಯಿಂದ ಖಾನಾಪುರದ ಮೇಲೆ ಹಾದು ಇಲ್ಲಿಯವರೆಗೂ ಒಂದು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದೆ. ಅದರಲ್ಲಿದ್ದದ್ದು ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಯ ಮಾವಿನ ಮರಕ್ಕೆ ಹಬ್ಬಿದ ಆ ಬಳ್ಳಿಯ ಮೊದಲ ಫಸಲು, ಹಸಿರು ಗೊಂಚಲುಗಳ ಸಮೇತ.

ಚಾಂದಬೀ ಒಂದು ಕಾಳು ಕಚ್ಚಿದರು. ಕಣ್ಣಲ್ಲಿ ನೀರಾಡಿತು. "ಖರೇನ ಕಾಲಿಮಿರ್ಚಿ ಐತ್ರೀ!" ಎಂದವರೇ ಉಳಿದದ್ದನ್ನೆಲ್ಲ ಜಜ್ಜಿ ಕುದಿಯುವ ಚಹಾಕ್ಕೆ ಸುರಿದುಬಿಟ್ಟರು. ನಾನು ಖಾಲಿ ಡಬ್ಬಿಯೊಳಗೆ ಇಣುಕಿದೆ. ಆ ಗೊಂಚಲುಗಳನ್ನು ಊರೆಲ್ಲ ತೋರಿಸಿಕೊಂಡು ತಿರುಗುವ ಆಸೆಯಿತ್ತು ನನಗೆ!

ಬೆಂಚಿನ ಮೇಲಿದ್ದ ಮರಾಠಿ ಅಜ್ಜನೊಬ್ಬ ಒಂದು ಗುಟುಕು ಹೀರಿ, "ಮಿರಿ!" ಎಂದು ತಲೆದೂಗಿದ. ನಾನು ಮೆಣಸೆಂದು ನೆಟ್ಟದ್ದು ಚಾಂದಬೀ ಕೈಯಲ್ಲಿ ಕಾಲಿಮಿರ್ಚಿಯಾಗಿ, ಅಜ್ಜನ ಗಂಟಲಲ್ಲಿ ಮಿರಿಯಾಗಿ ಇಳಿಯಿತು.

ನಮ್ಮ ಬಸ್ಸಿನ ಕಂಡಕ್ಟರ್ ಒಂದೇ ಸಲ ಅರ್ಧ ಗ್ಲಾಸು ಕುಡಿದು ಜೋರಾಗಿ ಕೆಮ್ಮತೊಡಗಿದ.

"ಯಾರ ಮೆಣಸರೀ ಇದು?"

"ನಮ್ದರೀ!" ಚಾಂದಬೀ ಮತ್ತು ನಾನು ಒಟ್ಟಿಗೇ ಕೂಗಿದೆವು.

ಕೆಮ್ಮುತ್ತಲೇ ಅವನು ಗ್ಲಾಸನ್ನು ಮತ್ತೆ ಮುಂದೆ ಚಾಚಿದ.