ಗೀಟು ಎಳೆದದ್ದಷ್ಟೇ ಓದುವ ರಬ್ಬರಕ್ಕ

ಐದೂವರೆ. ಇನ್ನೂ ಬೆಳಕು ಹರಿದಿಲ್ಲ. ಗ್ರಂಥಾಲಯದ ಹಿಂಬದಿಯ ಕೋಣೆಯಿಂದ ಸರ್, ಸರ್ ಎಂಬ ಸಣ್ಣ ಸದ್ದು. ಇಲಿಯೇ ಇರಬೇಕೆಂದು ಹೊಸ ಕಾವಲುಗಾರ ಒಮ್ಮೆ ಕೋಲು ಹಿಡಿದು ಬಂದಿದ್ದನಂತೆ. ಅವನಿಗೆ ಕಂಡದ್ದು ಮೇಜುದೀಪದ ಕೆಳಗೆ ತಲೆ ಬಗ್ಗಿಸಿ ಕುಳಿತ ಐವತ್ತೆಂಟರ ಹೆಂಗಸು. ಒಂದು ಕೈ ಹಾಳೆಯನ್ನು ಒತ್ತಿ ಹಿಡಿದಿದೆ. ಇನ್ನೊಂದು ಕೈಯ ರಬ್ಬರು ಪೆನ್ಸಿಲ್ ಗೀಟಿನ ಮೇಲೆ ಒಂದೇ ದಿಕ್ಕಿಗೆ ಸರಿಯುತ್ತಿದೆ. ಹಿಂದೆಮುಂದೆ ಉಜ್ಜಿದರೆ ಹಾಳೆ ಸುಕ್ಕಾಗುತ್ತದೆ. ಉದುರಿದ ಪುಡಿಯನ್ನು ಊದುವಂತಿಲ್ಲ, ಉಸಿರಿನ ತೇವಕ್ಕೆ ಕಲೆ ಬೀಳುತ್ತದೆ. ಅದನ್ನು ಗುಡಿಸಲು ತೀರಿಹೋದ ಗಂಡನ ಶೇವಿಂಗ್ ಬ್ರಶ್ ಇದೆ.

ಗ್ರಂಥಾಲಯದಲ್ಲಿ ಎಲ್ಲರಿಗೂ ಅವರು ರಬ್ಬರಕ್ಕ. ಕಿತ್ತುಹೋದ ಪುಸ್ತಕದ ಬೆನ್ನಿಗೆ ಬಟ್ಟೆ ಪಟ್ಟಿ ಅಂಟಿಸುವುದು, ಹರಿದ ಹಾಳೆ ಜೋಡಿಸುವುದು, ಓದುಗರು ಗೀಚಿದ್ದನ್ನು ಅಳಿಸುವುದು ಇಪ್ಪತ್ತಾರು ವರ್ಷಗಳಿಂದ ಅವರ ಕೆಲಸ. ದಿನಕ್ಕೆ ಮೂವತ್ತು ಪುಸ್ತಕ, ವಾರಕ್ಕೆ ಎರಡು ರಬ್ಬರು. ಎಂಟಕ್ಕೆ ಬಾಗಿಲು ತೆರೆಯುವಷ್ಟರಲ್ಲಿ ಅಂಟು ಒಣಗಬೇಕು, ಅದಕ್ಕೇ ಇಷ್ಟು ಬೇಗ ಬರುತ್ತಾರೆ. ಬಲಗೈ ಹೆಬ್ಬೆರಳಿನ ಕೀಲು ಊದಿಕೊಂಡು ನಿಂತುಬಿಟ್ಟಿದೆ.

ಅಪ್ಪ ಹಾಸಿಗೆ ಹಿಡಿದ ವರ್ಷ ಏಳನೇ ತರಗತಿಗೇ ಶಾಲೆ ಬಿಟ್ಟವರು. ಆದರೆ ನೀತಿ ಎಂದರೇನು, ಮಾಂಸ ತಿನ್ನುವುದು ಸರಿಯೇ, ಸಾವನ್ನು ಎದುರಿಸುವುದು ಹೇಗೆ, ಮನುಷ್ಯಕುಲದ ನಾಳೆ ಏನು ಎಂಬ ದಪ್ಪ ದಪ್ಪ ಪುಸ್ತಕಗಳ ಮಾತು ಬಂದರೆ ಓದಿಕೊಂಡವರೂ ಅವರೆದುರು ತಡವರಿಸುತ್ತಾರೆ.

"ನಾನು ಪೂರ್ತಿ ಪುಸ್ತಕ ಓದಿದೋಳಲ್ಲಮ್ಮ. ಗೀಟು ಎಳೆದಿದ್ದಷ್ಟೇ ಓದ್ತೀನಿ, ಓದಿ ಅಳಿಸ್ತೀನಿ. ಬೇರೆಯೋರು ಅಕ್ಕೀಲಿ ಕಲ್ಲು ಆರಿಸಿ ಇಟ್ಟಿರ್ತಾರೆ, ನಾನು ಬೇಯಿಸ್ಕೊಳ್ಳೋದಷ್ಟೇ" ಎಂದು ನಗುತ್ತಾರೆ.

ಗೀಟುಗಳಿಂದಲೇ ಜನರನ್ನೂ ಓದುತ್ತಾರೆ. "ಸಾವಿನ ಪುಸ್ತಕದಲ್ಲಿ ಗೀಟು ಅರವತ್ತನೇ ಪುಟ ದಾಟಲ್ಲ. ಅಷ್ಟರಲ್ಲಿ ಹೆದರಿ ವಾಪಸ್ ತಂದುಕೊಡ್ತಾರೆ. ಮುಂದೆ ಮನುಷ್ಯರ ಗತಿ ಏನು ಅನ್ನೋ ಪುಸ್ತಕದಲ್ಲಿ ಇಸವಿ ಇದ್ದ ಕಡೆಯೆಲ್ಲ ಗೀಟು. ಅಷ್ಟೊತ್ತಿಗೆ ತಾವಿರ್ತೀವೋ ಇಲ್ವೋ ಅಂತ ನೋಡ್ಕೊಂಡಿರ್ತಾರೆ, ಪಾಪ. ಮಾಂಸದ ಪುಸ್ತಕದಲ್ಲಿ ಗೀಟಿಗಿಂತ ಜಗಳ ಜಾಸ್ತಿ."

ನೀವು ಮಾಂಸ ಬಿಟ್ಟಿರಾ ಎಂದರೆ ಮುಖ ಸಪ್ಪಗಾಗುತ್ತದೆ. "ಓದಿದ ದಿನ ಬಿಟ್ಟೇಬಿಡೋಣ ಅನ್ಸತ್ತೆ. ಭಾನುವಾರ ಬಂದ್ರೆ ಮೂಗು ಮೊದಲು ಮರೆಯತ್ತೆ." ಸೊಸೆ ಕಾಲೆಳೆಯುವುದೂ ಇದಕ್ಕೇ: "ಅತ್ತೆ ಓದಿದ್ದನ್ನೆಲ್ಲ ಅಲ್ಲೇ ಅಳಿಸಿ ಬರ್ತಾರೆ. ಮನೆಗೆ ಏನು ತರ್ತಾರೆ ಹೇಳಿ!"

ಇಲ್ಲೊಂದು ನಿಯಮವಿದೆ. ಒಂದೆರಡು ಗೀಟಿಗೆ ರಿಯಾಯಿತಿಯುಂಟು. ಅಂಚಿನಲ್ಲಿ ಅಕ್ಷರ ಬರೆದಿದ್ದರೆ ಆ ಓದುಗರ ಕಾರ್ಡಿನ ಸಂಖ್ಯೆಯನ್ನು ರಬ್ಬರಕ್ಕ ಗ್ರಂಥಪಾಲಕರಿಗೆ ಬರೆದುಕೊಡಬೇಕು. ಮೂರು ಸಲವಾದರೆ ಕಾರ್ಡು ರದ್ದು.

ಈಚೆಗೆ ಒಂದೇ ಕಾರ್ಡಿಗೆ ಹೋಗಿ ಬಂದ ಪುಸ್ತಕಗಳಲ್ಲಿ ಒಂದೇ ಕೈಬರಹ. ಮೊದಲನೆಯದು ನೀತಿಯ ಪುಸ್ತಕ. ಎರಡನೆಯದು ಮಾಂಸದ್ದು: "ಮೂವತ್ತು ವರ್ಷದಿಂದ ಕಡಿಯುತ್ತಿದ್ದೇನೆ. ಹೆದರಿದ ಜೀವದ ಎದೆಬಡಿತ ಅಂಗೈಗೆ ಗೊತ್ತಾಗುತ್ತದೆ. ಇದನ್ನು ಬರೆದವರು ಮುಟ್ಟಿ ನೋಡಿದ್ದಾರೆಯೇ?" ಎರಡು ಸಲವೂ ಸಂಖ್ಯೆ ಬರೆದುಕೊಟ್ಟರು. ಮೂರನೆಯದು ಸಾವಿನ ಪುಸ್ತಕ. ಅದರಲ್ಲಿ ಗೀಟುಗಳು ಕೊನೆಯ ಪುಟದವರೆಗೂ ಇದ್ದವು. ಒಂದು ಅಂಚಿನಲ್ಲಿ ಹೀಗಿತ್ತು: "ಕಾಯಿಲೆ ಬಿದ್ದು ಮಲಗಿದಲ್ಲಿಂದ ಹೆಂಡತಿಯೇ ಕೇಳಿ ತರಿಸಿದ ಪುಸ್ತಕ. ಓದಿ ಹೇಳುವಾಗ ಈ ಪುಟ ಹಾರಿಸಿದೆ. ಎರಡು ಹಾಳೆ ಯಾಕೆ ಒಟ್ಟಿಗೆ ಮಗುಚಿದ್ರಿ ಅಂದಳು. ಅವಳಿಗೆ ಗೊತ್ತು. ನನಗೂ ಗೊತ್ತು. ಇಬ್ಬರೂ ಬಾಯಿ ಬಿಡುವುದಿಲ್ಲ."

"ಇಪ್ಪತ್ತಾರು ವರ್ಷದಲ್ಲಿ ಕೈ ನಿಂತಿದ್ದು ಅವತ್ತೊಂದೇ ದಿನ. ಸಂಖ್ಯೆ ಬರೆದುಕೊಟ್ರೆ ಕಾರ್ಡು ಹೋಗತ್ತೆ. ಆಮೇಲೆ ಆ ತಾಯಿಗೆ ಏನು ಓದಿ ಹೇಳ್ತಾರೆ?"

ಎರಡು ಸಲ ಓದಿ, ನಿಧಾನಕ್ಕೆ ಅಳಿಸಿದರು. ಸಂಖ್ಯೆ ಬರೆಯಲಿಲ್ಲ. ಅದೇ ಕಾರ್ಡಿಗೆಂದು ಕಾದಿರಿಸಿದ್ದ ಮುಂದಿನ ಪುಸ್ತಕ, ಮನುಷ್ಯಕುಲದ ನಾಳೆಯದು, ಅವರ ಕೋಣೆಯ ಕಪಾಟಿನಲ್ಲೇ ಇತ್ತು. ಹಾಳಾದ ಹಾಳೆಗಳಿಂದ ಹತ್ತು ಖಾಲಿ ಚೀಟಿ ಕತ್ತರಿಸಿ ಅದರೊಳಗಿಟ್ಟರು. ಹದಿನೈದು ದಿನಕ್ಕೆ ಪುಸ್ತಕ ಮರಳಿತು. ಅಂಚುಗಳೆಲ್ಲ ಬೆಳ್ಳಗೆ. ಒಂಬತ್ತು ಚೀಟಿ ಖಾಲಿ, ಒಂದರಲ್ಲಿ ಮಾತ್ರ ಬರಹ: "ಮಾತಾಡಿಕೊಂಡೆವು. ಈ ಪುಸ್ತಕದಲ್ಲಿ ಒಂದು ಪುಟವನ್ನೂ ಬಿಡದೆ ಓದಿ ಹೇಳಿದೆ."

ನಿವೃತ್ತಿಗೆ ಇನ್ನೆರಡು ತಿಂಗಳು. ಒಂದು ಪುಸ್ತಕವನ್ನಾದರೂ ಪೂರ್ತಿ ಓದಬೇಕೆಂಬುದು ರಬ್ಬರಕ್ಕನ ಆಸೆ. ಆರಿಸಿಕೊಂಡದ್ದು ಅದನ್ನೇ. "ಗೀಟೇ ಇಲ್ವಲ್ಲ, ಇನ್ನೇನು ಮಾಡೋದು? ಮೊದಲಿಂದ ಶುರು ಮಾಡಿದೀನಿ. ನಲವತ್ತನೇ ಪುಟ."

ಅಂಚಿನಲ್ಲಿ ಬರೆದವರು ಯಾರೆಂದು ಅವರಿಗೆ ಗೊತ್ತು. ಅದೇ ಕೈಬರಹವನ್ನು ಒಂದು ಅಂಗಡಿಯ ಹಲಗೆಯ ಮೇಲೆ ಕಂಡಿದ್ದಾರೆ. ಅಂದೇ ತೀರ್ಮಾನಿಸಿಯಾಯಿತು, ಯಾರಿಗೂ ಹೇಳುವುದಿಲ್ಲ. "ಊರಲ್ಲಿ ಮಾಂಸದಂಗಡಿ ಹದಿನೇಳಿವೆ. ನಾನು ಯಾವುದಕ್ಕೆ ಹೋಗ್ತೀನಿ ಅಂತ ಮಾತ್ರ ಕೇಳ್ಬೇಡಿ."

ನಾನು ಬರೆಯುವ ಈ ಲೇಖನವನ್ನೋದಿ ಗ್ರಂಥಪಾಲಕರು ಕಾರ್ಡಿನ ಸಂಖ್ಯೆ ಕೇಳಿದರೆ?

ರಬ್ಬರಕ್ಕ ಬ್ರಶ್ಶಿನಿಂದ ಪುಡಿ ಗುಡಿಸಿ, ಹಾಳೆಯನ್ನು ದೀಪಕ್ಕೆ ಹಿಡಿದು ನೋಡುತ್ತಾರೆ. ಗುರುತು ಉಳಿದಿಲ್ಲ.

"ಯಾವ ಸಂಖ್ಯೆ? ನಮ್ಮ ಸೊಸೆ ಹೇಳಲಿಲ್ವಾ, ನಾನು ಓದಿದ್ದನ್ನೆಲ್ಲ ಇಲ್ಲೇ ಅಳಿಸಿ ಹೋಗ್ತೀನಿ ಅಂತ?"