ನಾನು ಹೇಳಿದ ನಾಲ್ಕು ‘ಹೌದು’

“ಸರ್, ಮೊಯ್ದೀನ್ ಅವರು ಬದುಕಿದ್ದಾರಾ?”

ಕಳೆದ ಸೋಮವಾರ ನನ್ನ ಲ್ಯಾಂಡ್‌ಲೈನಿಗೆ ಬಂದ ಪ್ರಶ್ನೆ. ಮಂಗಳೂರಿನ ಒಂದು ಆಸ್ಪತ್ರೆಯ ರೆಕಾರ್ಡ್ ವಿಭಾಗದ ಹುಡುಗಿ. ಹಾಲು ಬಂತಾ ಎಂದು ಕೇಳುವ ದನಿಯಲ್ಲೇ ಕೇಳಿದಳು.

ಮೊಯ್ದೀನ್ ಎಂದರೆ ನಮ್ಮ ಮೊಯ್ದಿನಾಕ, ವಿದ್ಯಾನಗರದಲ್ಲಿ ಸಿವಿಲ್ ಸ್ಟೇಷನ್ ಎದುರು ಫೋಟೋಸ್ಟಾಟ್ ಅಂಗಡಿ ಇಟ್ಟವರು. ಐದು ವರ್ಷದ ಹಿಂದೆ ಅವರಿಗೆ ಬಾಯಿಯ ಕ್ಯಾನ್ಸರ್ ಆಯಿತು, ಆಪರೇಷನ್ ಆಯಿತು. ಆಗ ರಾಜ್ಯದ ಗಡಿ ದಾಟಿ ಮಂಗಳೂರಿಗೆ ಹೋದರೆ ಅವರ ಮೊಬೈಲಿಗೆ ರೋಮಿಂಗ್ ದುಡ್ಡು. ಹಾಗಾಗಿ ಆಸ್ಪತ್ರೆಯ ಫಾರ್ಮಿನಲ್ಲಿ ನನ್ನ ನಂಬರ್ ಬರೆಸಿದ್ದರು. (ನಮ್ಮಲ್ಲಿ ಇದು ಮಾಮೂಲು. ಕಾಯಿಲೆ ಒಬ್ಬರದು, ನಂಬರ್ ಗುರುತಿನ ಮೇಷ್ಟ್ರದು.)

“ಬದುಕಿದ್ದಾರೆ” ಎಂದೆ.

ಸರಿಯಾದ ಸಮಯಕ್ಕೆ, ಸರಿಯಾದ ಕ್ರಮದಲ್ಲಿ ಚಿಕಿತ್ಸೆ ಸಿಕ್ಕವರು ಹೆಚ್ಚು ಕಾಲ ಬದುಕುತ್ತಾರಾ ಎಂದು ಅವರು ನೋಡುತ್ತಿದ್ದಾರಂತೆ. ನಾಲ್ಕು ಪ್ರಶ್ನೆ. ಕುತ್ತಿಗೆಯ ಗಂಟುಗಳನ್ನೂ ಜತೆಗೇ ತೆಗೆದಿದ್ದರಾ? ಆಪರೇಷನ್ ಆಗಿ ಆರು ವಾರದೊಳಗೆ ರೇಡಿಯೇಷನ್ ಶುರುವಾಯಿತಾ? ಎಲೆಯಡಿಕೆ, ಹೊಗೆಸೊಪ್ಪು ಬಿಟ್ಟರಾ? ಚೆಕಪ್ಪಿಗೆ ತಪ್ಪದೆ ಹೋಗುತ್ತಾರಾ?

ಹೌದು, ಹೌದು, ಹೌದು, ಹೌದು.

ಫೋನ್ ಇಟ್ಟ ಮೇಲೆ ಸಂಶಯ ಶುರುವಾಯಿತು. ಯೂನಿವರ್ಸಿಟಿಯಲ್ಲಿ ನನಗೆ ಕಲಿಸಿದ್ದೇ ಅದು, ಆಧಾರ ಕೇಳುವುದು. ನನ್ನಲ್ಲಿ ಎಂತ ಆಧಾರ ಇತ್ತು? ನಾನು ಹೌದು ಎಂದದ್ದು ನೆನಪಿದ್ದದ್ದಕ್ಕಾ, ಇಲ್ಲ ಎನ್ನಲು ಮುಜುಗರವಾದದ್ದಕ್ಕಾ?

ಮರುದಿನ ಟೌನ್ ಬಸ್ ಹತ್ತಿ ವಿದ್ಯಾನಗರಕ್ಕೆ ಹೋದೆ.

“ಬದುಕಿದ್ದೇನಾ ಅಂತ ಕೇಳಿದ್ರಾ?” ಮೊಯ್ದಿನಾಕ ಅರ್ಧ ಬಾಯಲ್ಲಿ ನಕ್ಕರು. ಬಾಯಿ ಅಷ್ಟೇ ತೆರೆಯುವುದು. “ಗೆಜೆಟೆಡ್ ಆಫೀಸರ ಸಹಿ ಬೇಕಂತಾ?”

“ರೇಡಿಯೇಷನ್ ಆರು ವಾರದೊಳಗೆ ಅಂದೆ.”

ಮೇಜಿನಡಿಯಿಂದ ಫೈಲ್ ಬಂತು. ಊರಿನವರ ಕಾಗದವನ್ನೆಲ್ಲ ಕಾಪಿ ತೆಗೆಯುವವರು ತನ್ನದನ್ನು ಬಿಡುತ್ತಾರಾ? ಎಲ್ಲ ಚೀಟಿ ತಾರೀಕಿನ ಪ್ರಕಾರ ಉಂಟು.

“ಹನ್ನೊಂದು ವಾರ, ಸರ್. ರೇಡಿಯೇಷನಿಗೆ ಮೊದಲು ಹಲ್ಲು ಕೀಳಿಸಿದ ಗಾಯ ಒಣಗಲಿಲ್ಲ.”

“ನಾನೇ ಕಾರಲ್ಲಿ ದಿನಾ ಕರೆದುಕೊಂಡು ಹೋದ ನೆನಪು ನನಗೆ.”

“ನೀವಾ? ಒಂದೇ ದಿನ ಬಂದದ್ದು ಮಾರಾಯ್ರೆ! ಡಾಕ್ಟರ ಹತ್ರ ಚಂದದ ಇಂಗ್ಲಿಷ್ ಮಾತಾಡಿ ಬಂದ್ರಿ. ಬಾಕಿ ದಿನವೆಲ್ಲ ನೆಬಿಸಾ, ಬಸ್ಸಲ್ಲಿ.”

ನೆಬಿಸಾ ಅವರ ಹೆಂಡತಿ. ಬಸ್ಸಿನಲ್ಲಿ ವಾಂತಿಗೆ ಚೀಲ ಹಿಡಿದು ಕೂತವರು. ನನ್ನ ನೆನಪಿನಲ್ಲಿ ಅವರೇ ಇಲ್ಲ!

“ಚೆಕಪ್?” ಎಂದೆ.

ಅವರು ಯಾರದೋ ರೇಷನ್ ಕಾರ್ಡನ್ನು ಗಾಜಿನ ಮೇಲೆ ಮಗುಚಿ ಹಾಕಿದರು. ಎರಡು ಕಾಪಿ ತೆಗೆದರು.

“ಎರಡು ವರ್ಷ ಆಯ್ತು ಹೋಗದೆ. ಬಾಯಿಯ ವ್ಯಾಯಾಮ ಮಾಡ್ಲಿಲ್ಲ ಅಂತ ಬೈತಾರೆ. ಚಂದ ಇದ್ದೇನಲ್ಲ, ಎಂತಕ್ಕೆ ಬೈಸಿಕೊಳ್ಳುವುದು?” ಮತ್ತೆ ದನಿ ತಗ್ಗಿಸಿದರು. “ಈಗ ಒಂದು ತಿಂಗಳಿಂದ ಆಚೆ ಕೆನ್ನೆಯೊಳಗೆ ಮೀನುಸಾರು ತಾಗಿದರೆ ಉರಿ. ನೆಬಿಸಾಗೆ ಹೇಳ್ಬೇಡಿ.”

ತಪ್ಪು ಉತ್ತರ ಯಾರ ಜೀವವನ್ನೂ ತೆಗೆಯುವುದಿಲ್ಲ ಎಂದುಕೊಂಡಿದ್ದೆ. ಆದರೆ ಚೆಕಪ್ಪಿಗೆ ಬಾರದವರನ್ನು ಹುಡುಕಿ ಕರೆಸಬೇಕೆಂದೇ ಆ ಪ್ರಶ್ನೆ ಇದ್ದರೆ? ನನ್ನ ನಾಲ್ಕನೆಯ ‘ಹೌದು’ ಈ ಮನುಷ್ಯನ ಹೆಸರನ್ನು ಆ ಪಟ್ಟಿಯಿಂದ ಹೊಡೆದು ಹಾಕಿತ್ತು.

ಅಂಗಡಿಯ ಫೋನಿನಿಂದಲೇ ಆಸ್ಪತ್ರೆಗೆ ಕರೆ ಮಾಡಿದೆ. ಅದೇ ಹುಡುಗಿ. ಹೇಳಿದ್ದರಲ್ಲಿ ಎರಡು ತಪ್ಪು ಎಂದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಹಾಗಾದ್ರೆ ಚೆಕಪ್ ‘ಇಲ್ಲ’ ಅಂತ ಹಾಕ್ಲಾ ಸರ್?”

“ಹಾಕಿ. ಮತ್ತೆ, ಬಾಯಲ್ಲಿ ಹೊಸ ಉರಿ ಉಂಟಂತೆ.”

“ಅಯ್ಯೋ, ಕೂಡ್ಲೇ ಬರ್ಲಿಕ್ಕೆ ಹೇಳಿ. ನಾಳೆ ಒ.ಪಿ. ಉಂಟು.”

ಮೊಯ್ದಿನಾಕ ನನ್ನನ್ನು ದುರುಗುಟ್ಟಿ ನೋಡಿದರು. ಕೊನೆಗೆ ಫೈಲಿಗೆ ದಾರ ಕಟ್ಟುತ್ತ, “ಎಷ್ಟು ಗಂಟೆಗೆ ಅಂತ ಕೇಳಿ” ಎಂದರು.

ಎಂಟು ಗಂಟೆಗಂತೆ. ಮೊಯ್ದಿನಾಕರ ವಿಷಯ ಫೈಲಿನ ಕಾಗದದಲ್ಲಿ ಉಂಟು, ಆದ್ದರಿಂದ ನಂಬಬಹುದು. ಆದರೆ ಆ ಹುಡುಗಿಯ ಪಟ್ಟಿಯಲ್ಲಿ ಉಳಿದವರ ಪರವಾಗಿ ‘ಹೌದು’ ಎಂದವರು ಯಾರು?