ಓಣಿಗೆಲ್ಲ ಒಂದೇ ಚಾನೆಲ್

ನಮ್ಮ ಬ್ಯಾಡಗಿ ಪೇಟೆಯ ಓಣಿಯವರು ಮೆಣಸಿನಕಾಯಿಯನ್ನು ಮೂಸಿ, ಮುರಿದು, ಬೆರಳಿಗೆ ಬಣ್ಣ ತಿಕ್ಕಿ ನೋಡಿ ಖರೀದಿಸುತ್ತಾರೆ. ಉಳಿದದ್ದನ್ನೆಲ್ಲ ಪಕ್ಕದ ಅಂಗಡಿಯವರನ್ನು ನೋಡಿ ಖರೀದಿಸುತ್ತಾರೆ. ಹಾಗೆಂದು ಜರಿಯುವ ನಾನೂ ಅದೇ ಹಿಂಡಿನವನು.

ಈಗ ಚೀಲದ ಮುಂದೆ ನಿಂತು ದರ ಕೂಗುವ ಕಾಲವಲ್ಲ. ಬೆಳಿಗ್ಗೆ ಕಾಯಿ ನೋಡಿ ಬಂದು, ಅಂಗಡಿಯಲ್ಲಿ ಕುಳಿತು, ಲ್ಯಾಪ್‌ಟಾಪಿನಲ್ಲಿ ಆನ್‌ಲೈನ್ ಹರಾಜಿಗೆ ದರ ತುಂಬಬೇಕು. ಹೊತ್ತು ಮೀರಿದರೆ ಮಾಲು ಇನ್ನೊಬ್ಬರ ಪಾಲು. ಸರಿಯಾಗಿ ಆ ಹೊತ್ತಿಗೇ ನಮ್ಮ ವೈಫೈ ಕಣ್ಣು ಮುಚ್ಚುತ್ತಿತ್ತು. ಪರದೆಯ ಮೇಲಿನ ಚಕ್ರ ಗಾಣದೆತ್ತಿನಂತೆ ತಿರುಗುತ್ತಿತ್ತು, ಎಣ್ಣೆ ಮಾತ್ರ ಇಳಿಯದು. ಹೀಗೇ ಹಲಗೇರಿಯ ರೈತರೊಬ್ಬರ ಚೆಂದದ ಕಾಯಿ ಕೈತಪ್ಪಿತು. ಆ ಕಾಯಿಗಾಗಿಯೇ ಕಾದಿದ್ದ ಮಸಾಲೆ ವ್ಯಾಪಾರಿ, ಇನ್ನೊಮ್ಮೆ ಹೀಗಾದರೆ ಬೇರೆ ಖರೀದಿದಾರರನ್ನು ಹಿಡಿಯುತ್ತೇನೆ ಎಂದುಬಿಟ್ಟ.

ರೌಟರನ್ನು ಆರಿಸಿದೆ, ಹಚ್ಚಿದೆ. ಕದರಮಂಡಲಗಿ ಹನುಮಪ್ಪನ ಫೋಟೋದ ಪಕ್ಕ ಇಟ್ಟು ಊದಿನಕಡ್ಡಿಯನ್ನೂ ಬೆಳಗಿದೆ. ಪಕ್ಕದಂಗಡಿಯ ರುದ್ರಪ್ಪನವರು ಕಟ್ಟೆಯ ಮೇಲಿಂದಲೇ ತೀರ್ಪು ಕೊಟ್ಟರು: "ಗಾಳಿ ಜೋರೈತ್ರಿ, ಸಿಗ್ನಲ್ ಹಾರಿ ಹೊಂಟೈತಿ." ಇಂಥ ವಿಜ್ಞಾನಿಗಳ ನೆರೆಯಲ್ಲಿ ನನ್ನ ಬಾಳು!

ನನ್ನ ಹೆಂಡತಿ ಗಿರಿಜಾ ರಾಣೆಬೆನ್ನೂರಿನಲ್ಲಿ ಗಣಿತದ ಟೀಚರು. ರಜೆಯ ದಿನ ಅಂಗಡಿಗೆ ಬಂದವಳು ಮೊಬೈಲಿನಲ್ಲಿ ಏನೋ ತೆರೆದು ನೋಡಿ ಬಿದ್ದು ಬಿದ್ದು ನಕ್ಕಳು. ವೈಫೈ ಓಡಾಡಲು ಹಲವು ಚಾನೆಲ್ಲುಗಳ ದಾರಿಯಿದ್ದರೂ ಓಣಿಯ ರೌಟರುಗಳೆಲ್ಲ ಆರನೇ ಚಾನೆಲ್ಲಿನಲ್ಲೇ ಒತ್ತೊತ್ತಾಗಿ ಕುಳಿತಿದ್ದವಂತೆ. ರೌಟರು ಕೂಡಿಸಲು ಬಂದವನಿಗೆ ನಾವೆಲ್ಲ ಹೇಳಿದ್ದೇ ಒಂದು ಮಾತು: "ಬಾಜೂದವ್ರಿಗೆ ಹೆಂಗ ಮಾಡೀಯೋ ನಮಗೂ ಹಂಗ ಮಾಡು." ಪುಣ್ಯಾತ್ಮ, ಅಕ್ಷರಶಃ ನಡೆಸಿಕೊಟ್ಟಿದ್ದ.

"ಎಲ್ಲಾರೂ ಒಂದ ಬಾಗಲಾಗ ನುಗ್ಗಿದ್ರ ಒಳಗ ಹೋಗೋರು ಯಾರ್ರಿ?" ಎನ್ನುತ್ತ ಗಿರಿಜಾ ನಮ್ಮದನ್ನು ಹನ್ನೊಂದಕ್ಕೆ ಬದಲಿಸಿದಳು. ಬದಲಿಸುವುದನ್ನು ನನಗೂ ಕಲಿಸಿದಳು. ಅಂದು ದರ ಸರಕ್ಕನೆ ಹೋಯಿತು.

ಸುಮ್ಮನಿರಲು ನನಗೆ ಬರಬೇಕಲ್ಲ! ರುದ್ರಪ್ಪನವರ ಮುಂದೆ ಮೀಸೆ ತಿರುವಿ ಎಲ್ಲವನ್ನೂ ಒದರಿದೆ. ಮುಂದಿನ ಪೇಟೆಯ ದಿನಕ್ಕೆ ಇಡೀ ಓಣಿ ಹನ್ನೊಂದಕ್ಕೆ ಗುಳೆ ಎದ್ದಿತ್ತು. ಅಂದೇ ಹಲಗೇರಿಯ ಕಾಯಿ ಮತ್ತೆ ಬಂದಿತ್ತು, ಚಕ್ರವೂ ಮತ್ತೆ ತಿರುಗತೊಡಗಿತು. ಗಿರಿಜಾಗೆ ಫೋನು ಮಾಡಿ, ಓಣಿಯೆಲ್ಲ ನಮ್ಮ ಹಿಂದೆಯೇ ಬಂದಿದೆ ಎಂದೆ.

"ಅವ್ರೆಲ್ಲಾ ಬಿಟ್ಟು ಬಂದಿದ್ದು ಖಾಲಿ ಬಿದ್ದೈತಲ್ರಿ! ಲಗೂ ಅಲ್ಲಿಗೇ ಹೋಗ್ರಿ."

ಆರಕ್ಕೆ ಮರಳಿದೆ. ಮದುವೆ ಮುಗಿದ ಚಪ್ಪರದಷ್ಟು ನಿರಾಳ. ದರ ಹೋಯಿತು, ಕಾಯಿ ನನ್ನದಾಯಿತು, ಮಸಾಲೆಯವನೂ ಉಳಿದ.

ಸಂಜೆ ರುದ್ರಪ್ಪನವರು ಬಂದು ಕುಳಿತರು. "ನಮ್ಮದು ಮತ್ತ ನಿಂತೈತ್ರಿ. ನಿಮ್ಮದು ಈಗ ಎಷ್ಟರಾಗ ಐತಿ?"

ಆರು ಎಂದರೆ ನಾಳೆ ಓಣಿಯೆಲ್ಲ ಆರಕ್ಕೇ ಬರುತ್ತದೆ. ನಾನು ಚಹಾ ಮುಂದಿಟ್ಟು ಹೇಳಿದೆ: "ಎಲ್ಲಾರದು ಎಷ್ಟರಾಗ ಐತೋ, ನಂದೂ ಅಷ್ಟರಾಗ ಐತ್ರಿ."

ಅವರ ಮುಖ ಅರಳಿತು. ತಮ್ಮ ವೈಫೈ ಇನ್ನೂ ನಿಂತೇ ಇದ್ದರೂ, ಚಹಾ ಮುಗಿಸಿ ನೆಮ್ಮದಿಯಿಂದ ಎದ್ದು ಹೋದರು.